ಗುಡುಗುಡಿಯ ಪದಕ್ಕೆ ಕುಣಿದವರು



ಸಿಂಧನೂರಿನ ಕಡೆಯ ತಾಯಿಯೊಬ್ಬರು ನಮಗೆ ಪತ್ರ ಬರೆದಿರುವರು. ಅವರ ಮನೆಯ ಮದುವೆಯ ಮೆರವಣಿಗೆಯಲ್ಲಿ ಧ್ವನಿಪೆಟ್ಟಿಗೆಯವರು ಶಿಶುನಾಳ ಶರೀಫ ಸಾಹೇಬರ ಗುಡುಗುಡಿಯ ಪದವನ್ನು ಹಾಕಿದರಂತೆ. ಗಿಟಾರು, ಡ್ರಮ್ಮುಗಳ ಅಬ್ಬರಕ್ಕೆ ಮಕ್ಕಳು ಮೊಮ್ಮಕ್ಕಳೆಲ್ಲ ಬೀದಿಯಲ್ಲಿ ಕುಣಿದರಂತೆ. ಬೀಗರ ಕಡೆಯ ಹಿರಿಯರೊಬ್ಬರು ಸಿಟ್ಟಿನಿಂದ ಎದ್ದುಹೋದರಂತೆ. ಇದು ತತ್ತ್ವಪದಕ್ಕೆ ಮಾಡಿದ ಅಪಚಾರವಲ್ಲವೆ, ಮುಂದೆ ಇನ್ನೊಂದು ಮದುವೆಯಿದೆ, ತಡೆಯಬೇಕೆ ಅಥವಾ ಸುಮ್ಮನಿರಬೇಕೆ ಎಂಬುದು ಅವರ ಪ್ರಶ್ನೆ.

ಉತ್ತರ ಬರೆಯಲು ನಾವು ಎರಡು ತಿಂಗಳು ಹಿಂದೆಮುಂದೆ ನೋಡಿದೆವು. ಏಕೆಂದರೆ ಇದೇ ಪ್ರಶ್ನೆ ಸುಮಾರು ಹದಿನೈದು ವರ್ಷಗಳ ಹಿಂದೆ ನಮ್ಮೆದುರಿಗೆ ಬಂದಿತ್ತು. ಅಂದು ನಾವು ಕ್ಷಣಮಾತ್ರದಲ್ಲಿ ಉತ್ತರ ಕೊಟ್ಟುಬಿಟ್ಟೆವು. ಆ ಸಂಗತಿಯನ್ನು ಮುಂದೆ ಹೇಳುತ್ತೇವೆ. ಮೊದಲು ಆ ಹಾಡು ಮೆರವಣಿಗೆಗೆ ಬಂದ ದಾರಿಯನ್ನು ತಿಳಿಯುವುದು ಒಳಿತು.

ಮದುವೆಮನೆಯವರಿಗೆ ಅದು ಬರಿಯ ‘ಡಿಜೆ ಹಾಡು’. ಆದರೆ ಗಿಟಾರಿನೊಡನೆ ಆ ಪದವನ್ನು ನಾಡಿಗೆಲ್ಲ ಹರಡಿದುದು 2008ರಲ್ಲಿ ಹೊರಬಂದ ಒಂದು ಧ್ವನಿಮುದ್ರಿಕೆ. ಬೆಂಗಳೂರಿನ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ಗಾನತಂಡದ ಮೊಟ್ಟಮೊದಲ ಮುದ್ರಿಕೆ ಅದು. ರಘು ದೀಕ್ಷಿತರು ಮೈಸೂರಿನಲ್ಲಿ ಬೆಳೆದವರು. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದವರು, ಭರತನಾಟ್ಯವನ್ನು ಕ್ರಮವಾಗಿ ಕಲಿತವರು. ಗಂಡುಹುಡುಗ ನಾಟ್ಯ ಮಾಡುವನೆಂದು ಕಾಲೇಜಿನಲ್ಲಿ ಯಾರೋ ಹಾಸ್ಯ ಮಾಡಲು, ಪಂಥ ಕಟ್ಟಿ ಗಿಟಾರು ಹಿಡಿದೆನೆಂದು ಅವರೇ ಹೇಳಿಕೊಂಡಿರುವರು. ಮೊದಲು ‘ಅಂತರಾಗ್ನಿ’ ಎಂಬ ಹೆಸರಿನಿಂದ ತಂಡ ಕಟ್ಟಿದರು. ಅದು ಚದುರಿದ ಮೇಲೆ, ಯಾರು ಬೇಕಾದರೂ ಬಂದು ನುಡಿಸಿ ಹೋಗಬಹುದಾದ ತೆರೆದ ಬಾಗಿಲಿನ ತಂಡವಾಗಿ ಈ ‘ಪ್ರಾಜೆಕ್ಟ್’ ಹುಟ್ಟಿಕೊಂಡಿತು. ದಾಸೋಹದ ಪಂಕ್ತಿಯ ಹಾಗೆ ಎಂದು ನಮ್ಮಂಥವರಿಗೆ ತೋರುತ್ತದೆ.

ಅವರ ಹಾಡುಗಳನ್ನು ಅಚ್ಚುಮಾಡಲು ಧ್ವನಿಮುದ್ರಿಕೆಯ ಕಂಪನಿಗಳು ವರ್ಷಗಟ್ಟಲೆ ಒಪ್ಪಲಿಲ್ಲ. ಒಂದೇ ಮುದ್ರಿಕೆಯಲ್ಲಿ ಕನ್ನಡ, ಹಿಂದಿ, ಇಂಗ್ಲಿಷು ಮೂರೂ ಇದ್ದರೆ ಯಾವ ಅಂಗಡಿಯ ಯಾವ ಕಪಾಟಿನಲ್ಲಿ ಇಡುವುದು? ವ್ಯಾಪಾರದ ದೃಷ್ಟಿಯಿಂದ ಅದೂ ಸಹಜವಾದ ಅನುಮಾನವೇ. ಕೊನೆಗೆ ಮುಂಬಯಿಯ ಚಿತ್ರಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ಎಂಬ ಜೋಡಿ, ಈ ತಂಡದ ಹಾಡನ್ನು ಕೇಳಿ ಮೆಚ್ಚಿ, ತಮ್ಮದೇ ಸಂಸ್ಥೆಯಿಂದ ಅದನ್ನು ಹೊರತಂದರು. ಅದರಲ್ಲಿ ಎಂಟು ಹಾಡುಗಳು. ಎಂಟರಲ್ಲಿ ಎರಡು ಶರೀಫರವು: ಒಂದು ಗುಡುಗುಡಿಯ ಪದ, ಇನ್ನೊಂದು ಸೋರುವ ಮಾಳಿಗೆಯ ಪದ. ಪ್ರೇಮಗೀತೆಗಳ ನಡುವೆ ಈ ಎರಡು ಪದಗಳು ಹೇಗೆ ಬಂದು ಕುಳಿತವೋ ಎಂದು ನಾವು ಆಗ ಬೆರಗಾದೆವು. ಅದೇ ವರ್ಷ ‘ಸೈಕೋ’ ಎಂಬ ಚಲನಚಿತ್ರದಲ್ಲಿ ಅವರು ಮಲೆಯ ಮಹದೇಶ್ವರನನ್ನು ಕರೆಯುವ ಹಾಡನ್ನೂ ಹಾಡಿದರು. ಅದಂತೂ ಗಣಪತಿಯ ಮೆರವಣಿಗೆಗಳನ್ನೆಲ್ಲ ಹೊಕ್ಕಿತು.

ಮುಂದಿನ ಸಂಗತಿಗಳು ಹಲವರಿಗೆ ತಿಳಿದಿವೆ. 2010ರಲ್ಲಿ ಈ ತಂಡ ಬಿಬಿಸಿ ದೂರದರ್ಶನದ ಜೂಲ್ಸ್ ಹಾಲೆಂಡ್ ಅವರ ಹೆಸರಾಂತ ಸಂಗೀತ ಕಾರ್ಯಕ್ರಮದಲ್ಲಿ ಹಾಡಿತು. 2011ರಲ್ಲಿ ಗ್ಲಾಸ್ಟನ್‌ಬರಿಯ ದೊಡ್ಡ ಸಂಗೀತೋತ್ಸವದಲ್ಲಿ ಹಾಡಿತು. ಅದೇ ವರ್ಷ ‘ಸಾಂಗ್‌ಲೈನ್ಸ್’ ಎಂಬ ಇಂಗ್ಲೆಂಡಿನ ಪತ್ರಿಕೆ ಹೊಸ ತಂಡಗಳಿಗೆ ಕೊಡುವ ಪ್ರಶಸ್ತಿಯನ್ನು ಇವರಿಗೆ ಕೊಟ್ಟಿತು. ಬಣ್ಣದ ಪಂಚೆಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರು ಹಿಡಿದು ಅವರು ಜಿಗಿಯುತ್ತ ಹಾಡಿದರೆ ಕನ್ನಡದ ಒಂದಕ್ಷರ ಅರಿಯದವರೂ ಜೊತೆಗೆ ಕುಣಿಯುತ್ತಾರೆ. 2013ರ ಎರಡನೆಯ ಮುದ್ರಿಕೆಯಲ್ಲಿಯೂ ಅವರು ಶರೀಫರನ್ನು ಬಿಡಲಿಲ್ಲ.

ನಮ್ಮ ಮನೆಗೆ ಆ ಮೊದಲ ಮುದ್ರಿಕೆ ಬಂದುದು 2009ರ ಬೇಸಗೆಯಲ್ಲಿ. ಬೆಂಗಳೂರಿನಲ್ಲಿ ನೌಕರಿಗಿದ್ದ ಅಣ್ಣನ ಮಗ ಊರಿಗೆ ಬಂದಾಗ ತಂದು, ವಳಕಮದಿನ್ನಿಯ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಹಾಕಿದನು. ಗುಡುಗುಡಿಯ ಪದ ಆರಂಭವಾಗುತ್ತಲೆ ನಾವು ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತೆವು. ನಮ್ಮ ಕಿವಿಯಲ್ಲಿದ್ದ ಶರೀಫರೇ ಬೇರೆ.

ಆ ಶರೀಫರನ್ನು ಇಂದಿನ ಮಕ್ಕಳಿಗೆ ಹೇಗೆ ಹೇಳುವುದು? ನಾವು ಬಾಲ್ಯದಲ್ಲಿ ಕಂಡ ಭಜನೆಯಲ್ಲಿ ಸೋಮವಾರದ ರಾತ್ರಿ ಊಟ ಮುಗಿದ ಮೇಲೆ ಗುಡಿಯ ಕಟ್ಟೆಗೆ ಎಂಟು ಹತ್ತು ಜನ ಸೇರುತ್ತಿದ್ದರು. ಏಕತಾರಿ ಒಂದು, ದಮ್ಮಡಿ ಒಂದು, ತಾಳ ಎರಡು ಜೊತೆ, ಕಂದೀಲು ಒಂದು. ಕಡಕೋಳ ಮಡಿವಾಳಪ್ಪನವರ ಪದವೂ ಆಯಿತು, ಚನ್ನೂರ ಜಲಾಲಸಾಹೇಬರ ಪದವೂ ಆಯಿತು, ಶರೀಫರದೂ ಆಯಿತು. ಯಾರ ಜಾತಿ ಯಾವುದೆಂಬ ವಿಚಾರವೇ ಅಲ್ಲಿ ಏಳುತ್ತಿರಲಿಲ್ಲ. ಹಿರಿಯರೊಬ್ಬರು ಒಂದು ನುಡಿ ಹಾಡಿ ಮುಗಿಸಿ, ಏಕತಾರಿಯನ್ನು ತೊಡೆಯ ಮೇಲೆ ಮಲಗಿಸಿ, “ತಿಳೀತೇನ್ರಪ್ಪಾ?” ಎಂದು ಕೇಳುವರು. ತಿಳಿದಿರುತ್ತಿರಲಿಲ್ಲ. ಆಗ ಅವರು ಗುಡುಗುಡಿಯೆಂದರೆ ಯಾವುದು, ಅದರೊಳಗೆ ಸುಡಬೇಕಾದ ಸೊಪ್ಪು ಯಾವುದು, ಕೆಂಡ ಯಾವುದು ಎಂದು ಬಿಡಿಸುವರು. ಮನಸ್ಸು ಒಂದು ಸಂಚಿ. ಅದರಲ್ಲಿ ತುಂಬಿಕೊಂಡಿರುವ ಮೋಹವೇ ಭಂಗಿಯ ಸೊಪ್ಪು. ಅರಿವಿನ ಬೆಂಕಿಯಲ್ಲಿ ಅದು ಬೂದಿಯಾಗಬೇಕು. ಸೇದಿ ನೋಡೆಂದು ಶರೀಫರು ಕರೆಯುವುದು ಚಟಕ್ಕಲ್ಲ, ಚಟ ಬಿಡಿಸುವುದಕ್ಕೆ. ಇದಿಷ್ಟು ತಿಳಿಯಲು ಅರ್ಧ ಗಂಟೆ ಹಿಡಿಯುತ್ತಿತ್ತು. ಒಂದು ರಾತ್ರಿಗೆ ನಾಲ್ಕು ಪದ ಮುಗಿದರೆ ಹೆಚ್ಚು.

ಮಾಳಿಗೆಯ ಪದಕ್ಕಂತೂ ನಮ್ಮ ಸೀಮೆಯಲ್ಲಿ ವ್ಯಾಖ್ಯಾನವೇ ಬೇಕಿರಲಿಲ್ಲ. ಮಸ್ಕಿ, ಲಿಂಗಸುಗೂರು, ಸಿಂಧನೂರು ಸೀಮೆಯ ಹಳೆಯ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ತುಂಡು, ಅದರ ಮೇಲೆ ಮಣ್ಣು. ಮುಂಗಾರಿಗೆ ಮುನ್ನ ಕರಲುಮಣ್ಣು ತಂದು ಮೇಲೆ ಹರವಿ ತುಳಿಯದಿದ್ದರೆ ಮೊದಲ ಮಳೆಗೇ ಹನಿ ಬೀಳುವುದು. ನಡುರಾತ್ರಿ ಮಳೆ ಹಿಡಿದರೆ ತಾಯಂದಿರು ಕೊಡ, ತಂಬಿಗೆ, ಪರಾತಗಳನ್ನು ಹನಿಯ ಕೆಳಗೆ ಇಡುತ್ತ ಓಡಾಡುವರು. ಮಕ್ಕಳ ಹಾಸಿಗೆಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಎಳೆಯುವರು. ಯಾರಾದರೂ ಮೇಲೆ ಹತ್ತಿ ಸೋರುವ ತೂತನ್ನು ಮುಚ್ಚಬೇಕು. ಆದರೆ ಕತ್ತಲೆ, ಜಾರುವ ಮಣ್ಣು, ಗಟ್ಟಿಯಿಲ್ಲದ ಜಂತಿ. ಈ ದೇಹವೆಂಬ ಮನೆಯೂ ಹೀಗೆಯೇ ಸೋರುತ್ತಿದೆ, ಹತ್ತಿ ಮುಚ್ಚುವ ದಿಟ್ಟನೊಬ್ಬನೂ ಇಲ್ಲ ಎಂದು ಶರೀಫರು ಹಾಡಿದರೆ, ಕೇಳುತ್ತಿದ್ದ ಹೆಣ್ಣುಮಕ್ಕಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅದು ವೈರಾಗ್ಯವೋ, ಹೋದ ಮಳೆಗಾಲದ ನೆನಪೋ, ನಮಗೆ ಗೊತ್ತಾಗುತ್ತಿರಲಿಲ್ಲ. ಸಿಮೆಂಟಿನ ಚಾವಣಿಯ ಕೆಳಗೆ ಹುಟ್ಟಿದ ಮಕ್ಕಳಿಗೆ ಈಗ ಮಾಳಿಗೆಯನ್ನು ಮೊದಲು ವಿವರಿಸಬೇಕು, ಆಮೇಲೆ ದೇಹವನ್ನು.

ಶರೀಫರ ಬಾಳೂ ಒಂದು ಕಪಾಟಿನಲ್ಲಿ ಇಡಲಾಗದಂಥದು. 1819ರಲ್ಲಿ ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ ಜನನ; 1889ರಲ್ಲಿ ಅಲ್ಲಿಯೇ ಲಿಂಗೈಕ್ಯ ಎನ್ನುವವರೂ ಉಂಟು, ಇಂತಕಾಲ ಎನ್ನುವವರೂ ಉಂಟು. ಇಮಾಮ ಸಾಹೇಬರ ಮಗ, ಕಳಸದ ಗೋವಿಂದಭಟ್ಟರ ಶಿಷ್ಯ. ಬಾಲ್ಯದಲ್ಲಿಯೇ ಪ್ರಭುಲಿಂಗಲೀಲೆಯನ್ನು ಕೇಳಿ ಬೆಳೆದವರೆಂದು ಪ್ರತೀತಿ. ಕೆಲಕಾಲ ಶಾಲೆಯ ಮಾಸ್ತರಿಕೆಯನ್ನೂ ಮಾಡಿದರು. ಅವರ ಗದ್ದುಗೆಗೆ ಇಂದಿಗೂ ಎರಡೂ ಕಡೆಯ ಭಕ್ತರು ನಡೆದುಕೊಳ್ಳುತ್ತಾರೆ.

ಇನ್ನೊಂದು ಮಾತನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನಮಗೆ ಶರೀಫರ ಪದಗಳೆಲ್ಲ ಕಟ್ಟೆಯ ಮೇಲಿಂದಲೇ ಬಂದವು ಎಂದರೆ ಅರ್ಧ ಸುಳ್ಳಾಗುವುದು. ಶಿವಮೊಗ್ಗ ಸುಬ್ಬಣ್ಣನವರ, ಸಿ. ಅಶ್ವತ್ಥರ ಧ್ವನಿಸುರುಳಿಗಳು ಬಂದಾಗ ನಾವು ತರುಣರು. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದಿತು. ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡರು ಗೋವಿಂದಭಟ್ಟರಾಗಿ ಅಭಿನಯಿಸಿದರು, ಸಂಗೀತ ಅಶ್ವತ್ಥರದು. ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿಯೂ ಆ ಚಿತ್ರಕ್ಕೆ ಬಂದಿತು. ಅಶ್ವತ್ಥರು ಎದೆತುಂಬಿ ಮೇಲಿನ ಸ್ಥಾಯಿಗೆ ಏರುವುದನ್ನು ಕೇಳಿ ನಾವು ರೋಮಾಂಚನಗೊಂಡು, ಆ ಸುರುಳಿಯನ್ನು ಭಜನೆಯ ಹಿರಿಯರಿಗೆ ಕೇಳಿಸಿದೆವು. ಅವರು ಮುಖ ಸಿಂಡರಿಸಿ, “ಪದ ಹಾಡ್ತಾನೋ, ದೂರದಾಗಿನ ಎತ್ತು ಕರೀತಾನೋ?” ಎಂದರು. ಅವರನ್ನು ಹಳೆಯ ಕಾಲದವರೆಂದು ನಾವು ಒಳಗೊಳಗೆ ನಕ್ಕೆವು. ಹತ್ತೊಂಬತ್ತು ವರ್ಷಗಳ ನಂತರ ಅದೇ ಪಡಸಾಲೆಯಿಂದ ಅದೇ ಮುಖ ಮಾಡಿಕೊಂಡು ಹೊರಗೆ ಬಂದವರು ನಾವು!

ಇನ್ನು ಕುಣಿತದ ವಿಚಾರ. ಪತ್ರ ಬರೆದ ತಾಯಿಗೆ ನೋವಾಗಿರುವುದು ಮುಖ್ಯವಾಗಿ ಮಕ್ಕಳು ಕುಣಿದುದಕ್ಕೆ. ಆದರೆ ನಮ್ಮ ಪರಂಪರೆಯಲ್ಲಿ ಕುಣಿತ ಯಾವಾಗ ನಿಷಿದ್ಧವಾಗಿತ್ತು? ವೀರಭದ್ರನ ಪುರವಂತರು ಒಡಪು ಹೇಳಿ ಕುಣಿಯದೆ ನಮ್ಮಲ್ಲಿ ಎಷ್ಟೋ ಮನೆಗಳ ಗುಗ್ಗಳ ಮುಗಿಯದು. ನಂದಿಕೋಲು ಹೊತ್ತವನ ಹೆಜ್ಜೆಯೇನು ಕಡಿಮೆಯೆ? ಯುಗಾದಿಗೆ ಶ್ರೀಶೈಲಕ್ಕೆ ಕಾಲ್ನಡೆಯಲ್ಲಿ ಹೋಗುವ ನಮ್ಮ ಸೀಮೆಯ ಭಕ್ತರು ದಾರಿಯುದ್ದಕ್ಕೂ ಹಾಡಿ ಕುಣಿದೇ ಆಯಾಸ ಕಳೆಯುವರು. ಪಾಲ್ಕುರಿಕೆ ಸೋಮನಾಥನೇ ಪಂಡಿತಾರಾಧ್ಯ ಚರಿತ್ರೆಯಲ್ಲಿ ಶ್ರೀಶೈಲದ ಶಿವರಾತ್ರಿಯ ಹಾಡು ಕುಣಿತಗಳನ್ನು ವಿಸ್ತಾರವಾಗಿ ಬಣ್ಣಿಸಿರುವನು. ಇನ್ನು ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಅಲ್ಲಮಪ್ರಭುಗಳು ಬನವಸೆಗೆ ಬರುವುದು ಮದ್ದಳೆಕಾರರಾಗಿ. ಮಧುಕೇಶ್ವರನ ಗುಡಿಯಲ್ಲಿ ಮಾಯಾದೇವಿ ನರ್ತಿಸಲು, ಪ್ರಭುಗಳು ಮದ್ದಳೆ ನುಡಿಸುತ್ತಾರೆ. ಕುಣಿತಕ್ಕೆ ತಾಳ ಕೊಟ್ಟು, ಕುಣಿತಕ್ಕೆ ಸಿಕ್ಕದೆ ಹೊರಟುಹೋಗುತ್ತಾರೆ. ಮಠದಲ್ಲಿ ಆ ಗತಿಯನ್ನು ಓದಿಸುವಾಗ ನಮ್ಮ ಗುರುಗಳು ಬೆರಳಿನಿಂದ ಪೀಠದ ಮೇಲೆ ತಾಳ ಹಾಕುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಹೊರದೇಶದಲ್ಲಿಯೂ ಇಂಥ ಒಂದು ಪ್ರಸಂಗ ನಡೆದಿದೆ. ಪಾಕಿಸ್ತಾನದ ಕವ್ವಾಲಿ ಗಾಯಕರಾದ ನುಸ್ರತ್ ಫತೇ ಅಲಿ ಖಾನರು 1990ರಲ್ಲಿ ಮೈಕೆಲ್ ಬ್ರೂಕ್ ಎಂಬ ಪಾಶ್ಚಾತ್ಯ ಸಂಗೀತಗಾರರೊಡನೆ ‘ಮಸ್ತ್ ಮಸ್ತ್’ ಎಂಬ ಮುದ್ರಿಕೆಯನ್ನು ಮಾಡಿದರು. ಅದರ ಮುಖ್ಯ ಹಾಡು ಸಿಂಧ್ ಪ್ರಾಂತದ ಲಾಲ್ ಶಹಬಾಜ್ ಕಲಂದರರೆಂಬ ಸೂಫಿಗಳ ಸ್ತುತಿ. ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದ ‘ಮ್ಯಾಸಿವ್ ಅಟ್ಯಾಕ್’ ಎಂಬ ತಂಡ ಅದಕ್ಕೆ ಯಂತ್ರದ ತಾಳ ಜೋಡಿಸಿತು. ಕ್ಲಬ್ಬುಗಳಲ್ಲಿ ಜನ ಅದಕ್ಕೆ ಕುಣಿದರು. ಆದರೆ ಆ ಕಲಂದರರ ದರ್ಗಾದ ಅಂಗಳದಲ್ಲಿ ನಗಾರಿಯ ಬಡಿತಕ್ಕೆ ಭಕ್ತರು ಮೈಮರೆತು ಕುಣಿಯುವ ಪದ್ಧತಿ ಮೊದಲಿನಿಂದಲೂ ಉಂಟು. ಕ್ಲಬ್ಬಿನವರು ಕುಣಿತವನ್ನು ಹೊಸದಾಗಿ ತಂದುದಲ್ಲ. ಅವರು ಬಿಟ್ಟುದು ಕಲಂದರರ ಹೆಸರನ್ನು.

ನಮ್ಮ ಮೆರವಣಿಗೆಯಲ್ಲಿ ಆಗುತ್ತಿರುವುದೂ ಅದೇ. ರಘು ದೀಕ್ಷಿತರ ಮೇಲೆ ನಮಗೆ ಈಗ ಸಿಟ್ಟಿಲ್ಲ. ಅವರ ಮಾಳಿಗೆಯ ಪದವನ್ನು ಆಮೇಲೆ ಒಬ್ಬರೇ ಕುಳಿತು ಕೇಳಿದೆವು. ಭಜನೆಯ ನಿಧಾನ ಅದರಲ್ಲಿಲ್ಲ ನಿಜ. ಆದರೆ ಹಾಡುವವರಿಗೆ ಪದದ ಮೇಲೆ ಪ್ರೀತಿಯಿದೆ. ಗುಡುಗುಡಿಯ ಪದದ ಆರ್ಭಟ ನಮಗೆ ಇಂದಿಗೂ ಹಿಡಿಸದು. ಅದು ನಮ್ಮ ಕಿವಿಯ ಮಿತಿಯೆಂದು ಬೇಕಾದರೆ ತಿಳಿಯಿರಿ. ನಮ್ಮ ತಕರಾರು ಇರುವುದು ಡಿಜೆಯ ಕತ್ತರಿಯ ಮೇಲೆ. ಮೆರವಣಿಗೆಯವರು ಪಲ್ಲವಿಯೊಂದನ್ನೇ ಕತ್ತರಿಸಿ, ತಿರುತಿರುಗಿಸಿ ಹಾಕುವರು. ಪಲ್ಲವಿಯಷ್ಟನ್ನೇ ಕೇಳಿದ ಹುಡುಗನಿಗೆ ಅದು ಹೊಗೆ ಸೇದಲು ಕೊಟ್ಟ ಕರೆಯಾಗಿ ಕೇಳಿಸುವುದರಲ್ಲಿ ಅವನ ತಪ್ಪೇನು? ಭಂಗಿ ಯಾವುದು, ಕೆಂಡ ಯಾವುದು ಎಂಬುದು ಮುಂದಿನ ನುಡಿಗಳಲ್ಲಿದೆ. ಶಿಶುನಾಳಾಧೀಶನ ಅಂಕಿತ ಕೊನೆಯ ನುಡಿಯಲ್ಲಿದೆ. ಅಂಕಿತಕ್ಕೆ ಮುನ್ನವೇ ನಿಲ್ಲಿಸಿದ ತತ್ತ್ವಪದ, ಸಹಿಯಿಲ್ಲದ ಕಾಗದದಂತೆ. ಯಾರು ಯಾರಿಗೆ ಬರೆದರೆಂಬುದೇ ತಿಳಿಯದು.

ಹೀಗೆನ್ನುವ ನಾವೇ ಒಮ್ಮೆ ಕತ್ತರಿ ಹಿಡಿದವರು. ಆ 2009ರ ಬೇಸಗೆಯ ಸಂಗತಿಯನ್ನು ಈಗ ಹೇಳಬೇಕು.

ಆಗ ನಮ್ಮೂರ ಸೋಮವಾರದ ಭಜನೆಗೆ ಒಬ್ಬ ಹುಡುಗ ತಪ್ಪದೆ ಬರುತ್ತಿದ್ದನು; ಹದಿನೈದು ವಯಸ್ಸಿರಬಹುದು. ದಮ್ಮಡಿಯಲ್ಲಿ ಅವನ ಕೈ ಬಲು ಚುರುಕು. ಅಣ್ಣನ ಮಗ ಹಾಕಿದ ಮುದ್ರಿಕೆಯನ್ನು ಅವನು ಕಿಟಕಿಯ ಹೊರಗೆ ನಿಂತು ಕೇಳಿದ್ದನಂತೆ. ಮುಂದಿನ ಸೋಮವಾರ ತನ್ನ ಸರದಿ ಬಂದಾಗ ಗುಡುಗುಡಿಯ ಪದವನ್ನು ಆ ಹೊಸ ಧಾಟಿಯಲ್ಲಿ ಎತ್ತಿಕೊಂಡನು. ದಮ್ಮಡಿಯ ಪೆಟ್ಟು ಬದಲಾಯಿತು. ಎರಡನೆಯ ಸಲಕ್ಕೆ ಅವನು ಎದ್ದು ನಿಂತು ಹೆಜ್ಜೆ ಹಾಕತೊಡಗಿದನು. ನಾವು ಎಲ್ಲರೆದುರಿಗೆ, “ಇದು ಭಜನೆ, ಬಯಲಾಟವಲ್ಲ; ಕುಣಿಯುವ ಆಸೆಯಿದ್ದರೆ ಬೀದಿಗೆ ನಡೆ” ಎಂದೆವು. ಅವನು ಎದುರುತ್ತರ ಕೊಡಲಿಲ್ಲ. ದಮ್ಮಡಿಯನ್ನು ಕಂಬದ ಬಳಿ ಇಟ್ಟು, ಕಟ್ಟೆಗೆ ಕೈಮುಟ್ಟಿ ನಮಸ್ಕರಿಸಿ ಇಳಿದುಹೋದನು. ಪದ ಎಲ್ಲಿ ನಿಂತಿತ್ತೆಂದರೆ, ಮೊದಲ ನುಡಿಯೂ ಮುಗಿದಿರಲಿಲ್ಲ. ಹಿರಿಯರು ಆ ರಾತ್ರಿ ನಮಗೆ ಏನನ್ನೂ ಹೇಳಲಿಲ್ಲ, ಆದರೆ ಏಕತಾರಿಯನ್ನು ಎಂದಿಗಿಂತ ಬೇಗ ಗೂಟಕ್ಕೆ ಹಾಕಿದರು.

ಮತ್ತೆ ಅವನು ಬರಲಿಲ್ಲ. ನಾವು ಹೇಳಿದಂತೆ ಬೀದಿಗೇ ನಡೆದನು. ಧ್ವನಿಪೆಟ್ಟಿಗೆಗಳನ್ನು ಬಾಡಿಗೆಗೆ ಕೊಡುವ ಕೆಲಸ ಹಿಡಿದು, ಟ್ರ್ಯಾಕ್ಟರಿನ ಟ್ರಾಲಿಯ ಮೇಲೆ ಅವುಗಳನ್ನು ಪೇರಿಸಿಕೊಂಡು ಸುತ್ತಲಿನ ಊರುಗಳ ಮದುವೆ ಜಾತ್ರೆಗಳಿಗೆ ಹೋಗತೊಡಗಿದನು. ಇತ್ತ ಭಜನೆಯ ಹಿರಿಯರು ಒಬ್ಬೊಬ್ಬರಾಗಿ ಶಿವಸಾಯುಜ್ಯ ಹೊಂದಿದರು. ದಮ್ಮಡಿ ಬಾರಿಸುವವರಿಲ್ಲದೆ ಗೋಡೆಗೆ ತೂಗುಬಿದ್ದಿತು. ಈಗ ಸೋಮವಾರ ಸೇರುವವರು ನಾಲ್ವರು, ನಾಲ್ವರೂ ಅರವತ್ತು ದಾಟಿದವರು.

ಹೋದ ವರ್ಷ ನಮ್ಮ ಓಣಿಯ ಮದುವೆಗೆ ಅವನದೇ ಟ್ರಾಲಿ ಬಂದಿತು. ಗುಡುಗುಡಿಯ ಪಲ್ಲವಿ ತಿರುಗತೊಡಗಿತು. ಕುಣಿಯುತ್ತಿದ್ದ ಹುಡುಗರಲ್ಲಿ ಒಬ್ಬನನ್ನು ನಿಲ್ಲಿಸಿ ಇದು ಯಾರ ಪದವೆಂದು ಕೇಳಲು, “ಡಿಜೆದು ಅಜ್ಜಾರ” ಎಂದನು. ನಾವು ಟ್ರಾಲಿಯ ಬಳಿ ಹೋದೆವು. ಅವನು ಸದ್ದು ತಗ್ಗಿಸಿ ಇಳಿದು ಬಂದನು. ಈಗ ಇಬ್ಬರು ಮಕ್ಕಳ ತಂದೆ. ಮುಂದಿನ ನುಡಿಗಳನ್ನು ಏಕೆ ಹಾಕುವುದಿಲ್ಲ ಎಂದು ಕೇಳಿದೆವು. ತುಸು ಹೊತ್ತು ಸುಮ್ಮನಿದ್ದು ಅವನು ಹೇಳಿದ ಮಾತು ಇದು: “ಮುಂದಿಂದು ನನಗ ಅರ್ಥ ಆಗಂಗಿಲ್ಲರಿ. ಭಂಗಿ ಅಂದ್ರ ಏನು ಅಂತ ಅವತ್ತು ಹಾಡಿ ಮುಗಿಸಿದ ಮ್ಯಾಲೆ ಅಜ್ಜಗ ಕೇಳಬೇಕಂತ ಮಾಡಿದ್ದೆ.”

ಇಷ್ಟು ವರ್ಷ ಓದಿದ ನಮ್ಮ ಬಳಿ ಅವನಿಗೆ ಕೊಡಲು ಉತ್ತರವಿರಲಿಲ್ಲ. ಭಂಗಿಯ ಅರ್ಥವನ್ನಂತೂ ಅಲ್ಲಿಯೇ, ಟ್ರಾಲಿಯ ಮಗ್ಗುಲಿಗೆ ನಿಂತು ಹೇಳಿದೆವು. ಮದುವೆಯವರು ಸದ್ದು ಏಕೆ ನಿಂತಿತೆಂದು ಕೂಗುತ್ತಿದ್ದರು. ಸೋಮವಾರ ಬಾ ಎಂದೆವು. ಆ ಸೋಮವಾರ ಮುದಗಲ್ಲಿನಲ್ಲಿ ಮದುವೆಯ ಬಾಡಿಗೆ ಒಪ್ಪಿಕೊಂಡಿರುವೆನೆಂದನು.

ಆದುದರಿಂದ ತಾಯಿ, ನಿಮ್ಮ ಮುಂದಿನ ಮದುವೆಯಲ್ಲಿ ಮಕ್ಕಳನ್ನು ತಡೆಯಬೇಡಿ. ಧ್ವನಿಪೆಟ್ಟಿಗೆಯವನಿಗೆ ಮುಂಗಡ ಕೊಡುವಾಗಲೇ, ಪದ ಹಾಕುವುದಾದರೆ ಅಂಕಿತದ ತನಕ ಹಾಕಬೇಕೆಂದು ಹೇಳಿಬಿಡಿ. ಹಣ ಕೊಡುವವರ ಮಾತನ್ನು ಅವನು ಕೇಳುವನು. ರಾತ್ರಿ ಬಂಧುಗಳೆಲ್ಲ ಕುಳಿತಾಗ, ಕುಣಿದ ಮಕ್ಕಳಲ್ಲಿ ಯಾರಾದರೂ ಗುಡುಗುಡಿ ಎಂದರೇನು ಎಂದು ಕೇಳಿದರೆ, ಎದ್ದುಹೋದ ಆ ಬೀಗರನ್ನೇ ಕರೆದು ಹೇಳಿಸಿರಿ. ಅವರಿಗೆ ಖಂಡಿತ ಗೊತ್ತಿರುತ್ತದೆ. ಗೊತ್ತಿರುವುದಕ್ಕೇ ಅವರಿಗೆ ಸಿಟ್ಟು ಬಂದಿತು.

ನಮ್ಮ ಹುಡುಗ ಮುದಗಲ್ಲಿನ ಮದುವೆ ಕಳೆದ ಮರುವಾರದ ಸೋಮವಾರ ಬಂದನು, ಭಜನೆ ಅರ್ಧವಾದ ಮೇಲೆ. ದೊಡ್ಡ ಮಗನನ್ನೂ ಕರೆತಂದಿದ್ದನು. ಗೋಡೆಯ ಮೇಲಿನ ದಮ್ಮಡಿಯನ್ನು ಇಳಿಸಿ, ಧೂಳು ಒರೆಸಿ, ಬೆರಳಿನಿಂದ ಬಡಿದು ನೋಡಿದನು. ಚರ್ಮ ಸಡಿಲಿತ್ತು. ಪಕ್ಕದ ಮನೆಯವರ ಒಲೆಯಲ್ಲಿ ಇನ್ನೂ ಕೆಂಡವಿದೆಯೇ ಎಂದು ಕೇಳಿಕೊಂಡು, ಕಾಯಿಸಲು ತೆಗೆದುಕೊಂಡು ಹೋದನು.